ಎಲೆಕೋಸಿನ ಹುಳಕ್ಕೆ ಸಾಸಿವೆಯ ಬಲೆ

ಉಪ್ಪಿನಕಾಯಿಗೆ ಸಾಸಿವೆ ಕುಟ್ಟುವಾಗ ಗಮನಿಸಿ. ಇಡೀ ಕಾಳಿಗೆ ವಾಸನೆಯೇ ಇಲ್ಲ. ಒಣ ಪುಡಿಗೂ ಅಂಥ ಘಾಟಿಲ್ಲ. ನಾಲ್ಕು ಹನಿ ನೀರು ಬಿದ್ದು ಎರಡು ನಿಮಿಷವಾಗಲಿ, ಕಣ್ಣು ಉರಿಯುತ್ತದೆ. ಸಾಸಿವೆ ತನ್ನ ಮದ್ದನ್ನು ಎರಡು ಪಾಲು ಮಾಡಿ ಬೇರೆ ಬೇರೆ ಇಟ್ಟುಕೊಂಡಿರುತ್ತದೆ: ಒಂದು ಗ್ಲುಕೋಸಿನೊಲೇಟ್ ಎಂಬ ರಾಸಾಯನಿಕ, ಇನ್ನೊಂದು ಮೈರೋಸಿನೇಸ್ ಎಂಬ ಕಿಣ್ವ. ಜೀವಕೋಶ ಒಡೆದು ಎರಡೂ ಕೂಡಿದಾಗ ಖಾರ ಹುಟ್ಟುತ್ತದೆ. ಎಲೆಯಲ್ಲೂ ಇದೇ ಏರ್ಪಾಡು. ಹುಳ ಕಚ್ಚಿತೋ, ಅದರ ಬಾಯಲ್ಲೇ ಘಾಟು. (ಒಗ್ಗರಣೆಯ ಸಾಸಿವೆ ಅಷ್ಟು ಖಾರವಾಗದಿರುವುದು ಕಾದ ಎಣ್ಣೆಯಲ್ಲಿ ಕಿಣ್ವ ಕೆಟ್ಟುಹೋಗುವುದರಿಂದ.)

ಎಲೆಕೋಸು, ಹೂಕೋಸು, ಮೂಲಂಗಿ ಎಲ್ಲ ಸಾಸಿವೆಯ ದಾಯಾದಿಗಳು. ಬಹಳಷ್ಟು ಕೀಟಗಳು ಈ ಖಾರಕ್ಕೆ ಹೆದರಿ ದೂರ ಉಳಿಯುತ್ತವೆ. ವಜ್ರಬೆನ್ನಿನ ಪತಂಗ ಮಾತ್ರ ಹೆದರುವುದಿಲ್ಲ. ಅದರ ಮರಿಹುಳದ ಕರುಳಿನಲ್ಲಿ ಇನ್ನೊಂದು ಕಿಣ್ವವಿದೆ. ಎರಡು ಪಾಲು ಕೂಡಿ ಖಾರವಾಗುವ ಮೊದಲೇ ಅದು ಗ್ಲುಕೋಸಿನೊಲೇಟಿನ ಸಲ್ಫೇಟ್ ತುಣುಕನ್ನು ಕಿತ್ತುಬಿಡುತ್ತದೆ. ಮದ್ದು ಟುಸ್ ಎನ್ನುತ್ತದೆ. ಮೇಲಾಗಿ ತಾಯಿ ಪತಂಗ ಮೊಟ್ಟೆ ಇಡಲು ಬರುವುದು ಇದೇ ಘಾಟಿನ ಜಾಡು ಹಿಡಿದು. ಬರೀ ಎಣ್ಣಿ ಹೊಡೆದು ಇದನ್ನು ಗೆಲ್ಲುತ್ತೇನೆ ಅನ್ನುವವರಿಗೆ ಒಂದು ಮಾತು: ಇದು ಡಿಡಿಟಿಗೂ ಜಗ್ಗದೆ ನಿಂತದ್ದು ಜಾವಾದಲ್ಲಿ ದಾಖಲಾದದ್ದು 1953ರಲ್ಲೇ.

ಘಾಟಿಗೆ ಮರುಳಾಗುವ ಈ ಚಟವನ್ನೇ ಬೆಂಗಳೂರಿನ ಭಾರತೀಯ ತೋಟಗಾರಿಕೆ ಸಂಶೋಧನಾ ಸಂಸ್ಥೆಯ ವಿಜ್ಞಾನಿಗಳಾದ ಶ್ರೀನಿವಾಸನ್ ಮತ್ತು ಕೃಷ್ಣಮೂರ್ತಿ ಬಲೆಯಾಗಿ ಬಳಸಿಕೊಂಡರು; ಅವರ ಪ್ರಬಂಧ ಬಂದದ್ದು 1991ರಲ್ಲಿ. ಚಿಕ್ಕೋಡಿ, ನಿಪ್ಪಾಣಿ ಕಡೆ ಸೋಯಾ ತೆಗೆದ ಹೊಲಕ್ಕೂ, ರಾಯಬಾಗ, ಅಥಣಿ, ಕಾಗವಾಡದಲ್ಲಿ ಕಬ್ಬಿನ ಪಕ್ಕ ಬಾವಿ ನೀರಿನ ಹತ್ತಿಪ್ಪತ್ತು ಗುಂಟೆಗೂ ಎಲೆಕೋಸಿನ ನಡುವೆ ಸಾಸಿವೆ ಬಿತ್ತಿ ಪತಂಗವನ್ನು ಅತ್ತ ಸೆಳೆಯುವ ಈ ಉಪಾಯ ಹೊಂದುತ್ತದೆ.

ಸಸಿ ಇನ್ನೂ ಟ್ರೇಯಲ್ಲಿರುವಾಗಲೇ, ನಾಟಿಗೆ 15 ದಿನ ಮೊದಲು, ಸಾಸಿವೆ ಬಿತ್ತಿ. ಅಡುಗೆಮನೆಯ ದಪ್ಪ ಕಾಳಾದರೂ ನಡೆಯುತ್ತದೆ. ಮರಳು ಬೆರೆಸಿಕೊಂಡರೆ ಒಂದೇ ಕಡೆ ಸುರಿಯುವುದಿಲ್ಲ. ಹೊಲದ ಎರಡೂ ಅಂಚಿಗೆ ಒಂದೊಂದು ಸಾಲು, ನಡುವೆ 25 ಸಾಲು ಎಲೆಕೋಸಿಗೊಂದು. ಸಾಲಿನಿಂದ ಸಾಲಿಗೆ 45 ಸೆಂ.ಮೀ. ಇದ್ದರೆ ಸುಮಾರು 37 ಅಡಿಗೊಂದು ಎಂದಾಯಿತು. ಅದರ ಮಗ್ಗುಲಲ್ಲೇ ಇನ್ನೊಂದು ಸಾಲಿಗೆ ಜಾಗ ಬಿಟ್ಟಿರಿ, ನಾಟಿಯಾದ 25ನೇ ದಿನ ಅಲ್ಲಿ ಎರಡನೇ ಬಿತ್ತನೆ. ಮೊದಲ ಸಾಲು ಹೂವಾಗಿ ಬಲಿಯುವ ಹೊತ್ತಿಗೆ ಪತಂಗಕ್ಕೆ ಎಳೆ ಸಾಸಿವೆ ಸಿಗಬೇಕು, ಇಲ್ಲದಿದ್ದರೆ ಅದು ಎಲೆಕೋಸಿಗೇ ತಿರುಗುತ್ತದೆ. ಸಸಿ ನೆಟ್ಟ ದಿನವೇ ಸಾಸಿವೆಯನ್ನೂ ಚೆಲ್ಲಿ ಕೈತೊಳೆದುಕೊಂಡರೆ ಫಲವಿಲ್ಲ.

ಇನ್ನು ಮುಖ್ಯ ಕೆಲಸ. ವಾರಕ್ಕೆರಡು ಸಲ ಬೆಳಿಗ್ಗೆ ಸಾಸಿವೆ ಎಲೆ ಮಗುಚಿ ನೋಡಿ. ಸೆಂಟಿಮೀಟರಿನಷ್ಟು ಉದ್ದದ ಹಸಿರು ಹುಳ ಮುಟ್ಟಿದ ಕೂಡಲೇ ಮಿಡುಕುತ್ತಾ ಹಿಂದಕ್ಕೆ ಸರಿದು, ನೂಲು ಬಿಟ್ಟು ಜೋತುಬಿದ್ದರೆ ಅದೇ ಕಳ್ಳ. ಇಲ್ಲಿ ಅದನ್ನು ಕೊಲ್ಲದೆ ಬಿಟ್ಟರೆ ಸಾಸಿವೆ ಬಲೆಯಾಗದೆ ಹುಳದ ನರ್ಸರಿಯಾಗುತ್ತದೆ. ಸೋತವರಲ್ಲಿ ಹೆಚ್ಚಿನವರು ಎಡವುವುದು ಇಲ್ಲೇ ಎಂದು ನನ್ನ ಎಣಿಕೆ. ಹಳೆಯ ಶಿಫಾರಸಿನಲ್ಲಿ ಸಾಸಿವೆಗೆ ಡೈಕ್ಲೋರೋವಾಸ್ ಇತ್ತು. 2020ರ ಡಿಸೆಂಬರ್ 31ರಿಂದ ಅದಕ್ಕೆ ದೇಶದಲ್ಲಿ ನಿಷೇಧವಿದೆ, ಅಂಗಡಿಯ ಮೂಲೆಯಿಂದ ಯಾರಾದರೂ ತೆಗೆದುಕೊಟ್ಟರೂ ಬೇಡ. ಈಗ ಯಾವುದು ಎಂಬುದನ್ನು ರೈತ ಸಂಪರ್ಕ ಕೇಂದ್ರದಲ್ಲಿ ಕೇಳಿ, ಸಾಸಿವೆ ಸಾಲಿಗೆ ಮಾತ್ರ ಹೊಡೆಯಿರಿ. ಹೂ ಬಿಟ್ಟ ಗಿಡಕ್ಕೆ ಜೇನು ಬರುವುದರಿಂದ ವಿಷ ಹಾಕದೆ ಕಿತ್ತುಬಿಡುವುದೇ ವಾಸಿ. ಔಷಧ ಬಿದ್ದ ಸಾಲಿನ ಸೊಪ್ಪು ಪಲ್ಯಕ್ಕಲ್ಲ.

ಬೇವು ಎಲೆಕೋಸಿಗೆ, ಸಾಸಿವೆಗೆ ಬೇಡ. ಬೇವಿದ್ದಲ್ಲಿ ಪತಂಗ ಮೊಟ್ಟೆ ಇಡಲು ಹಿಂಜರಿಯುತ್ತದೆ. ಎಲೆಕೋಸಿನಿಂದ ಅದನ್ನು ಅಟ್ಟಬೇಕು, ಸಾಸಿವೆಗೆ ಕರೆಯಬೇಕು. ಬೇವಿನ ಬೀಜದ ತಿರುಳಿನ ಪುಡಿ ಲೀಟರಿಗೆ 40 ಗ್ರಾಂ, ಅಂದರೆ 16 ಲೀಟರಿನ ಒಂದು ಪಂಪಿಗೆ 640 ಗ್ರಾಂ. ರಾತ್ರಿ ನೆನೆಹಾಕಿ, ಬೆಳಿಗ್ಗೆ ಬಟ್ಟೆಯಲ್ಲಿ ಹಿಂಡಿ ಸೋಸಿ. ಎಲೆಕೋಸಿನ ಎಲೆಗೆ ಮೇಣದ ಲೇಪವಿದೆ, ನೀರು ಮುತ್ತಾಗಿ ಉರುಳಿಹೋಗುತ್ತದೆ. ಸ್ವಲ್ಪ ಸಾಬೂನು ಕಲಸಿದರೆ ಅಂಟುತ್ತದೆ. ಗಡ್ಡೆ ಕಟ್ಟಲು ಶುರುವಾದಾಗ ಒಮ್ಮೆ, ಆಮೇಲೆ 10-15 ದಿನಕ್ಕೊಮ್ಮೆ ಒಂದೆರಡು ಸಲ, ಸಂಜೆ ಹೊತ್ತು ಎಲೆಯ ಅಡಿಭಾಗ ತೋಯುವಂತೆ ಹೊಡೆಯಿರಿ.

ಕೊಯ್ಲು ಮುಗಿದ ವಾರದಲ್ಲೇ ದಂಟುಗಳನ್ನೂ ಸಾಸಿವೆಯನ್ನೂ ಕಿತ್ತು ಗುಂಡಿಗೆ ಹಾಕಿ ಮಣ್ಣು ಮುಚ್ಚಿ. ನಾಲ್ಕು ಗಿಡ ಕಾಳಿಗಿರಲಿ, ಒಗ್ಗರಣೆಗಾಗುತ್ತೆ ಎಂದು ಮನೆಯಲ್ಲಿ ಯಾರಾದರೂ ಕೇಳಿಯೇ ಕೇಳುತ್ತಾರೆ. ಕಾಳನ್ನು ಸಂತೆಯಲ್ಲಿ ಕೊಂಡುಕೊಡಿ, ಗಿಡ ಮಾತ್ರ ಬಿಡಬೇಡಿ.