ಕೆರೆಯ ಲೆಕ್ಕ, ಗಾಳಿಯ ಲೆಕ್ಕ

ಬೇಲೂರು ತಾಲ್ಲೂಕಿನ ಬಿಕ್ಕೋಡು ಕಾಫಿಯ ಸೀಮೆ. ಬೇಸಗೆಯ ಹೂಮಳೆ ಹದವರಿತು ಬಂದರೆ ಮಾತ್ರ ಗಿಡಗಳು ಚೆನ್ನಾಗಿ ಹೂಬಿಡುತ್ತವೆ. ಆದುದರಿಂದ ವಾಯುಗುಣದ ಏರುಪೇರು ಅಲ್ಲಿಯವರಿಗೆ ಬದುಕಿನ ಪ್ರಶ್ನೆ.

ಇದೇ ಆತಂಕದಿಂದ 2019ರ ಸೆಪ್ಟೆಂಬರಿನಲ್ಲಿ ಜಗತ್ತಿನ ಅನೇಕ ನಗರಗಳಲ್ಲಿ ವಿದ್ಯಾರ್ಥಿಗಳು ಬೀದಿಗಿಳಿದರು. ನಮ್ಮ ಬೆಂಗಳೂರಿನವರೂ ಅವರಲ್ಲಿದ್ದರು. ಆದರೂ ಭೂಮಿಯ ಶಾಖವನ್ನು ತಡೆದಿಡುವ ಇಂಗಾಲದ ಡೈಆಕ್ಸೈಡು ಏರುತ್ತಲೇ ಇದೆ. ಹವಾಯಿಯ ಮೌನಾ ಲೋವಾದಲ್ಲಿ 1958ರಲ್ಲಿ ಅಳತೆ ಆರಂಭವಾದಾಗ ಗಾಳಿಯ ಹತ್ತುಲಕ್ಷ ಅಣುಗಳಲ್ಲಿ ಅದರ ಪಾಲು ಸುಮಾರು 315. 2024ರಲ್ಲಿ ಸುಮಾರು 424. ಕೊರೋನಾ ನಿರ್ಬಂಧಗಳಿಂದಾಗಿ 2020ರಲ್ಲಿ ಮನುಷ್ಯನು ಹೊರಬಿಟ್ಟ ಅನಿಲ ಸುಮಾರು ನೂರಕ್ಕೆ 5ರಷ್ಟು ತಗ್ಗಿದರೂ ಈ ಏರಿಕೆ ನಿಲ್ಲಲಿಲ್ಲ. ಹಾಗಾದರೆ ಪ್ರಯತ್ನವೆಲ್ಲ ವ್ಯರ್ಥವೆ?

ಹಳೇಬೀಡಿನ ದ್ವಾರಸಮುದ್ರ ಕೆರೆಯನ್ನು ನೆನೆಯೋಣ. ಒಳಹರಿವು ಹೊರಹರಿವಿಗಿಂತ ಹೆಚ್ಚಾಗಿರುವವರೆಗೂ ನೀರಿನ ಮಟ್ಟ ಏರಲೇಬೇಕು. ಒಳಬರುವ ಹಳ್ಳ ಕೊಂಚ ಸೊರಗಿದರೆ ಏರುವ ವೇಗ ತಗ್ಗೀತೇ ಹೊರತು ಮಟ್ಟ ಇಳಿಯದು. ಗಾಳಿಯ ಲೆಕ್ಕವೂ ಹೀಗೆಯೇ. ನಾವು ಹೊರಬಿಡುವುದರಲ್ಲಿ ಸುಮಾರು ಅರ್ಧವನ್ನು ಸಸ್ಯ, ಮಣ್ಣು, ಸಾಗರಗಳು ಹೀರುತ್ತವೆ. ಉಳಿದುದು ಗಾಳಿಯಲ್ಲಿ ಶೇಖರವಾಗುತ್ತದೆ. ನೂರರಲ್ಲಿ ಐದನ್ನು ತಡೆದರೆ ತೊಂಬತ್ತೈದು ಹರಿದುಬರುತ್ತಲೇ ಇರುತ್ತದೆ.

ಮಟ್ಟ ಏರುತ್ತಿರುವುದರಿಂದ ಪ್ರಯತ್ನ ಸಾಲದೆಂದು ತಿಳಿಯುತ್ತದೆ, ನಿಷ್ಫಲವೆಂದು ತಿಳಿಯುವುದಿಲ್ಲ. ಮನುಷ್ಯನು ಹೊರಬಿಟ್ಟಷ್ಟನ್ನೂ ಹಿಂದೆಗೆಯುವ ಸ್ಥಿತಿ ಬಂದರೆ, ಅಂದರೆ ನಿವ್ವಳ ಸೊನ್ನೆಯಾದರೆ, ಉಷ್ಣತೆಯ ಏರಿಕೆ ಬಹುಮಟ್ಟಿಗೆ ನಿಲ್ಲುವುದೆಂದು ವಿಜ್ಞಾನಿಗಳು ಲೆಕ್ಕಹಾಕಿದ್ದಾರೆ. ಅಲ್ಲಿಯವರೆಗೆ ತಡೆದ ಒಂದೊಂದು ಟನ್ನೂ ಮುಂದಿನ ಬಿಸಿಯನ್ನು ಅಷ್ಟಷ್ಟು ಕಡಮೆ ಮಾಡುತ್ತದೆ. ಫಲ ಕಣ್ಣಿಗೆ ಕಾಣಲು ತಡವಾದೀತು. ಲೆಕ್ಕ ಬಲ್ಲ ವಿದ್ಯಾರ್ಥಿಯು ಅದಕ್ಕಾಗಿ ಕೈಚೆಲ್ಲಬೇಕಾಗಿಲ್ಲ.