ಅಲ್ಲಿ ನಗದು, ಇಲ್ಲಿ ಸಾಲ

ನಮ್ಮ ಮನೆಯ ಲೆಕ್ಕದ ಪುಸ್ತಕ ಶೆಟ್ಟರ ಅಂಗಡಿಯ ಗಲ್ಲಾಪೆಟ್ಟಿಗೆಯ ಪಕ್ಕದಲ್ಲೇ ಇರುತ್ತಿತ್ತು. ಉದ್ದನೆಯ ಪುಸ್ತಕ, ಕೆಂಪು ಬಟ್ಟೆಯ ಬೆನ್ನು. ರಟ್ಟಿನ ಮೇಲೆ ನಮ್ಮ ಹೆಸರಿಲ್ಲ, ಮನೆ ನಂಬರೂ ಇಲ್ಲ. 'ಟೆರೇಷಿಯನ್ ಕಾಲೇಜ್ ಹಿಂದೆ, ಟೀಚರ್' ಎಂದಷ್ಟೇ. ನಾವು ಮೈಸೂರಿನ ಸಿದ್ಧಾರ್ಥನಗರಕ್ಕೆ ಬಂದದ್ದು 1998ರಲ್ಲಿ. ಸಾಮಾನು ಇಳಿಸಿದ ಸಂಜೆಯೇ ಹಾಲು ಕೇಳಿಕೊಂಡು ಹೋದಾಗ ಅಂಗಡಿಯಲ್ಲಿ ದೊಡ್ಡ ಶೆಟ್ಟರಿದ್ದರು. ಕೈಯಲ್ಲಿ ಚಿಲ್ಲರೆ ಇಲ್ಲ ಎಂದೆ. "ಇರ್ಲಿ ತಗೊಂಡ್ ಹೋಗಮ್ಮ, ಬರ್ಕೊಂಡಿರ್ತೀನಿ" ಅಂದರು. ಆ ಪುಸ್ತಕ ಅಲ್ಲಿಂದ ಶುರುವಾಯಿತು. ಈಗ ಅವರಿಲ್ಲ, ಮಗ ಕೂತಿದ್ದಾರೆ. ಅವರೂ ನಮಗೆ ಶೆಟ್ಟರೇ.

ಪ್ರತಿ ತಿಂಗಳ ಮೊದಲ ವಾರ ಅತ್ತೆ ಊಟದ ಮನೆಯಲ್ಲಿ ಕೂತು ಹೇಳುತ್ತಾ ಹೋಗುತ್ತಿದ್ದರು, ನಾನು ಚೀಟಿ ಬರೆಯುತ್ತಿದ್ದೆ. ತೊಗರಿಬೇಳೆ ಎರಡು ಕೆಜಿ, ಉದ್ದಿನಬೇಳೆ ಒಂದು, ಬನ್ಸಿ ರವೆ ಒಂದು, ಚಿರೋಟಿ ರವೆ ಅರ್ಧ, ಬ್ಯಾಡಗಿ ಮೆಣಸಿನಕಾಯಿ ಕಾಲು, ಬೆಲ್ಲ ಎರಡು ಅಚ್ಚು. ಚೀಟಿ ಅಂಗಡಿಗೆ ಹೋದರೆ ಸಂಜೆಗೆ ಹುಡುಗ ಸೈಕಲ್ಲಿನಲ್ಲಿ ಮೂಟೆ ತಂದು ಇಳಿಸುತ್ತಿದ್ದ. ಪ್ರತಿ ಪೊಟ್ಟಣವನ್ನೂ ಬಿಚ್ಚಿ ಅಂಗೈಗೆ ಹಾಕಿಕೊಂಡು ನೋಡದೆ ಅತ್ತೆ ಡಬ್ಬಿಗೆ ಸುರಿಯುತ್ತಿರಲಿಲ್ಲ. ಹುಳ ಕಂಡರೆ ಪೊಟ್ಟಣ ಹಾಗೇ ವಾಪಸ್. ಅದಕ್ಕೊಂದು ಅರ್ಜಿ ಬೇಕಿರಲಿಲ್ಲ, ಬಿಲ್ಲೂ ಬೇಕಿರಲಿಲ್ಲ.

ಆಮೇಲೆ ರಿಂಗ್ ರಸ್ತೆಯ ಕಡೆ ದೊಡ್ಡ ರಿಯಾಯಿತಿ ಅಂಗಡಿಗಳು ಬಂದವು. ಮೊದಲ ಸಲ ಹೋದದ್ದು ಒಂದು ಭಾನುವಾರ, ಮನೆಮಂದಿಯೆಲ್ಲ. ಆ ಬೆಳಕು, ಆ ಸಾಲುಸಾಲು ಪೊಟ್ಟಣ ನೋಡಿ ಅತ್ತೆಗೂ ಖುಷಿಯಾಯಿತು. ಬಿಲ್ಲಿನ ಕೊನೆಯಲ್ಲಿ ನಾವು ಎಷ್ಟು ಉಳಿಸಿದೆವು ಎಂದು ಅಚ್ಚಾಗಿತ್ತು, ನಾನೂರು ಚಿಲ್ಲರೆ. ಇಷ್ಟು ವರ್ಷ ಶೆಟ್ಟರಿಗೆ ಎಷ್ಟು ಹೆಚ್ಚು ಕೊಟ್ಟುಬಿಟ್ಟೆವು ಎಂದು ಮನೆಯವರು ದಾರಿಯುದ್ದಕ್ಕೂ ಲೆಕ್ಕ ಹಾಕಿದರು. ಆ ತಿಂಗಳು ಶೆಟ್ಟರಿಗೆ ಚೀಟಿ ಹೋಗಲಿಲ್ಲ. ಮರು ತಿಂಗಳೂ ಹೋಗಲಿಲ್ಲ. ಹಾಲು, ಮೊಸರು, ಕೊತ್ತಂಬರಿ, ಅಡುಗೆಯ ನಡುವೆ ಮುಗಿದುಹೋದ ಉಪ್ಪು, ಇಷ್ಟಕ್ಕೆ ಮಾತ್ರ ಅವರ ಅಂಗಡಿ ಉಳಿಯಿತು. ಅದೂ ಸಾಲದ ಪುಸ್ತಕದಲ್ಲಿ.

ಒಂದು ವರ್ಷ ಹೀಗೇ ನಡೆಯಿತು. ಉಳಿತಾಯ ಮಾತ್ರ ಎಲ್ಲೂ ಕಾಣಲಿಲ್ಲ. ಕಡೆಗೆ ಮೂರು ತಿಂಗಳ ಬಿಲ್ಲುಗಳನ್ನು ಮೇಜಿನ ಮೇಲೆ ಹರಡಿಕೊಂಡು, ಉತ್ತರ ಪತ್ರಿಕೆ ತಿದ್ದುವ ಕೆಂಪು ಪೆನ್ನು ಹಿಡಿದು ಕೂತೆ. ಚೀಟಿಯಲ್ಲಿ ಬರೆದುಕೊಂಡು ಹೋಗದೆ ಕೊಂಡು ತಂದದ್ದರ ಕೆಳಗೆಲ್ಲ ಗೆರೆ ಎಳೆದೆ. ಎರಡು ಕೊಂಡರೆ ಒಂದು ಉಚಿತದ ಬಿಸ್ಕತ್ತು, ನೂಡಲ್ಸು, ಪ್ಲಾಸ್ಟಿಕ್ ಡಬ್ಬಿ, ಮನೆಯಲ್ಲಿ ಯಾರೂ ಹಚ್ಚದ ಕ್ರೀಮು. ಪ್ರತಿ ಬಿಲ್ಲಿನಲ್ಲೂ ಹತ್ತಿರ ಹತ್ತಿರ ಕಾಲು ಭಾಗ ಕೆಂಪಾಯಿತು. ಜೊತೆಗೆ ಹೋಗಿಬರುವ ಪೆಟ್ರೋಲು, ಒಂದು ಭಾನುವಾರದ ಮುಕ್ಕಾಲು ಹೊತ್ತು. ಒಂದೊಂದು ಸಾಮಾನಿನ ಬೆಲೆ ಅಲ್ಲಿ ಕಡಿಮೆ ಇದ್ದದ್ದು ನಿಜ. ತಿಂಗಳ ಒಟ್ಟು ಖರ್ಚು ಏರಿದ್ದೂ ಅಷ್ಟೇ ನಿಜ.

ಆಗಿನಿಂದ ಪೊಟ್ಟಣದ ಹಿಂಬದಿ ಓದುವುದನ್ನು ರೂಢಿ ಮಾಡಿಕೊಂಡೆ. ಅಡುಗೆ ಎಣ್ಣೆಯನ್ನೇ ತೆಗೆದುಕೊಳ್ಳಿ. ಒಂದು ಲೀಟರ್ ಎಣ್ಣೆ ಸುಮಾರು 910 ಗ್ರಾಂ ತೂಗುತ್ತದೆ. ಪಕ್ಕಪಕ್ಕದಲ್ಲೇ ಜೋಡಿಸಿಟ್ಟ, ನೋಡಲು ಒಂದೇ ಗಾತ್ರದ ಎರಡು ಪ್ಯಾಕೆಟ್ಟು ಎತ್ತಿ ನೋಡಿದರೆ ಒಂದರಲ್ಲಿ 910 ಗ್ರಾಂ, ಇನ್ನೊಂದರಲ್ಲಿ 850. ಏಳು ರೂಪಾಯಿ ಕಡಿಮೆ ಎಂದು ನಾನು ಎಷ್ಟೋ ಸಲ ತಂದಿದ್ದು ಎರಡನೆಯದನ್ನು. ಅರವತ್ತು ಗ್ರಾಂ ಎಣ್ಣೆಯ ಬೆಲೆ ಏಳು ರೂಪಾಯಿಗಿಂತ ಹೆಚ್ಚು. ಇಂಥದ್ದನ್ನು ಹಿಡಿಯಲು ಕಾನೂನೇ ದಾರಿ ಮಾಡಿಕೊಟ್ಟಿದೆ. ಪೊಟ್ಟಣದ ಮೇಲೆ ಎಂಆರ್‌ಪಿಯ ಜೊತೆ ಒಂದು ಗ್ರಾಮಿಗೆ, ಒಂದು ಕೆಜಿಗೆ ಅಥವಾ ಒಂದು ಮಿಲಿಲೀಟರಿಗೆ ಎಷ್ಟು ಬಿತ್ತು ಎನ್ನುವುದನ್ನೂ ಅಚ್ಚು ಹಾಕಬೇಕು. ಅಕ್ಷರ ಸಣ್ಣದು, ಕನ್ನಡಕ ಬೇಕು. ಆದರೆ ರಿಯಾಯಿತಿಯ ದೊಡ್ಡ ಬೋರ್ಡಿಗಿಂತ ಈ ಸಣ್ಣ ಸಾಲೇ ನಂಬಿಕೆಗೆ ಅರ್ಹ. ಇನ್ನೊಂದು ಸಂಗತಿ ತೆರಿಗೆಯದ್ದು. 2022ರ ಜುಲೈ 18ರಿಂದ ಪ್ಯಾಕ್ ಮಾಡಿ ಲೇಬಲ್ ಅಂಟಿಸಿದ ಅಕ್ಕಿ, ಬೇಳೆ, ಹಿಟ್ಟಿನ ಮೇಲೆ ಶೇ 5 ಜಿಎಸ್‌ಟಿ ಬಂತು, 25 ಕೆಜಿವರೆಗಿನ ಪೊಟ್ಟಣಗಳಿಗೆ. ಮೂಟೆಯಿಂದ ಅಳೆದು ಕೊಡುವ ಬಿಡಿ ಬೇಳೆಗೆ ಆ ತೆರಿಗೆ ಇಲ್ಲ. ಶೆಟ್ಟರ ಗೋಣಿಚೀಲದ ಬೇಳೆಯನ್ನು ಹೊಳೆಯುವ ಪೊಟ್ಟಣದ ಬೇಳೆಯ ಜೊತೆ ಹೋಲಿಸುವಾಗ ನಾನು ಇದನ್ನು ಲೆಕ್ಕಕ್ಕೇ ತೆಗೆದುಕೊಂಡಿರಲಿಲ್ಲ.

ಇಷ್ಟು ಹೇಳಿ ಸಣ್ಣ ಅಂಗಡಿಗಳೆಲ್ಲ ಸಾಚಾ ಎಂದರೆ ಸುಳ್ಳಾಗುತ್ತದೆ. ನಮ್ಮ ಸುತ್ತಮುತ್ತಲಿನ ಒಂದು ಅಂಗಡಿಯಲ್ಲಿ ತಂಪು ಪಾನೀಯಕ್ಕೆ ಎಂಆರ್‌ಪಿ ಮೇಲೆ ಎರಡು ರೂಪಾಯಿ 'ಕೂಲಿಂಗ್' ಅಂತ ಕಿತ್ತುಕೊಳ್ಳುತ್ತಿದ್ದರು. ಇನ್ನೊಂದರಲ್ಲಿ ತಾರೀಕು ಮುಗಿದ ಇಡ್ಲಿ ರವೆ ಕೊಟ್ಟು, ಕೇಳಿದ್ದಕ್ಕೆ ನನ್ನ ಮೇಲೆಯೇ ಮುಖ ಗಂಟು ಹಾಕಿಕೊಂಡರು. ಎಂಆರ್‌ಪಿಗಿಂತ ಒಂದು ಪೈಸೆ ಹೆಚ್ಚು ತೆಗೆದುಕೊಳ್ಳಲೂ ಯಾವ ಅಂಗಡಿಗೂ ಅಧಿಕಾರವಿಲ್ಲ. ಆ ಎರಡು ಕಡೆ ನಾನು ಹೋಗುವುದನ್ನೇ ನಿಲ್ಲಿಸಿದೆ. ಹತ್ತಿರವಿದೆ ಎನ್ನುವುದೊಂದೇ ಅಂಗಡಿಯ ಯೋಗ್ಯತೆಯಲ್ಲ. ಶೆಟ್ಟರ ವಿಷಯ ಬೇರೆ. ಮಳೆಗಾಲದಲ್ಲಿ ಒಂದು ದಿನ ಬನ್ಸಿ ರವೆ ಕೇಳಿದಾಗ ಚೀಲದೊಳಗೆ ಕೈ ಇಳಿಸಿ, ಬೊಗಸೆಯಲ್ಲಿ ಎತ್ತಿ ಮೂಸಿ ನೋಡಿ, "ಇವತ್ತು ಬೇಡಮ್ಮ, ತೇವ ಹಿಡ್ದಿದೆ. ನಾಳೆ ಹೊಸ ಮೂಟೆ ಬರುತ್ತೆ" ಎಂದು ಅಂದಿನ ವ್ಯಾಪಾರವನ್ನೇ ಬಿಟ್ಟುಕೊಟ್ಟವರು ಅವರು.

2020ರ ಮಾರ್ಚ್ 25ರಂದು ಲಾಕ್‌ಡೌನ್ ಶುರುವಾದಾಗ ಈ ವ್ಯತ್ಯಾಸ ಬಡಾವಣೆಗೆಲ್ಲ ಅರ್ಥವಾಯಿತು. ಅತ್ತೆಗೆ ಆಗ ಎಂಬತ್ತು ದಾಟಿತ್ತು, ಮನೆಯಿಂದ ಹೊರಗೆ ಕಾಲಿಡಲು ನಮಗೆಲ್ಲ ಭಯ. ಶೆಟ್ಟರು ಬಾಗಿಲು ಅರ್ಧ ತೆರೆದು, ಅಡ್ಡಕ್ಕೆ ಹಗ್ಗ ಕಟ್ಟಿ, ಮನೆಗೆ ಇಷ್ಟಿಷ್ಟೇ ಎಂದು ಹಂಚಿ ಕೊಟ್ಟರು. ಮೂಟೆಗಟ್ಟಲೆ ಕೇಳಿದವರಿಗೆ ಇಲ್ಲ ಎಂದರು. ಒಂದು ವರ್ಷದಿಂದ ಚೀಟಿ ಕಳಿಸದ ನಮ್ಮ ಮನೆಗೂ ಬೇಳೆ ಬಂತು. ಅವರಾಗಿಯೇ ಫೋನ್ ಮಾಡಿ, "ಅಜ್ಜಿ ಮಾತ್ರೆ ಏನಾದ್ರೂ ತರ್ಬೇಕಾ ಟೀಚರ್?" ಎಂದು ಕೇಳಿದ್ದರು. ಆ ಮಾತನ್ನು ನೆನೆದರೆ ಇವತ್ತೂ ನನ್ನ ಗಂಟಲು ಕಟ್ಟುತ್ತದೆ.

ಆದರೂ ನಾನು ಪೂರ್ತಿ ಬದಲಾಗಲಿಲ್ಲ. ಎಲ್ಲ ತೆರೆದ ಮೇಲೆ ಮತ್ತೆ ಅದೇ ಭಾನುವಾರ, ಅದೇ ತಳ್ಳುಗಾಡಿ. ಬದಲಾದದ್ದು ಒಂದು ಸಂಜೆ, ಹಾಲಿಗೆ ಹೋದಾಗ. ನನ್ನ ಕೈಯಲ್ಲಿ ದೊಡ್ಡ ಅಂಗಡಿಯ ತುಂಬಿದ ಚೀಲವಿತ್ತು, ಆಗಷ್ಟೇ ಕಾರ್ಡು ಉಜ್ಜಿ ತಂದದ್ದು. ಶೆಟ್ಟರ ಮುಂದೆ ಸೋಪಿನ ಏಜೆನ್ಸಿಯ ಕಲೆಕ್ಷನ್ ಹುಡುಗ ಬಿಲ್ಲು ಹಿಡಿದು ನಿಂತಿದ್ದ. ಶೆಟ್ಟರು ಗಲ್ಲಾ ಎಳೆದು ನೋಟು ಎಣಿಸಿದರು. ಮತ್ತೊಮ್ಮೆ ಎಣಿಸಿದರು. ಹತ್ತರ ನೋಟುಗಳನ್ನೂ ಸೇರಿಸಿದರು. ಸಾಲಲಿಲ್ಲ. "ಸೋಮವಾರ ಬಾಪ್ಪ" ಅಂದರು. "ಸೋಮವಾರ ಅಂತ ಹೋದ ವಾರಾನೂ ಅಂದ್ರಿ ಅಣ್ಣ, ಈ ಸಲ ಮಾಲು ಇಳ್ಸಲ್ಲ ಅಂತಾರೆ" ಎಂದು ಆ ಹುಡುಗ ತಗ್ಗಿದ ದನಿಯಲ್ಲಿ ಹೇಳಿದ. ಶೆಟ್ಟರು ನನ್ನ ಕಡೆ ತಿರುಗಿ ಹಾಲಿನ ಪ್ಯಾಕೆಟ್ಟು ಕೊಟ್ಟು, ನಾನು ಕೇಳುವ ಮೊದಲೇ ಕೆಂಪು ಬೆನ್ನಿನ ಪುಸ್ತಕ ತೆಗೆದು ಬರೆದುಕೊಂಡರು. ಮೇಲಿನ ಸಾಲಿನಲ್ಲಿ ಬಾಕಿ ಕಂಡಿತು. ಎರಡು ತಿಂಗಳದ್ದು, 2,340 ರೂಪಾಯಿ. ನಾವು ಬಡವರೇನಲ್ಲ. ಮರೆತಿದ್ದೆವು, ಅಷ್ಟೇ.

ಆ ರಾತ್ರಿ ನಿದ್ದೆ ಹತ್ತಲಿಲ್ಲ. ದೂರದಲ್ಲಿ ಮೃಗಾಲಯದ ಸಿಂಹ ಕೂಗುವುದು ಕೇಳುತ್ತಿತ್ತು. ಮನಸ್ಸಿನಲ್ಲಿ ತಿರುಗಿದ್ದು ಒಂದೇ ಲೆಕ್ಕ. ದೊಡ್ಡ ಅಂಗಡಿಗೆ ನಾನು ನಗದು ಕೊಡುತ್ತೇನೆ. ಸಣ್ಣ ಅಂಗಡಿಗೆ ಸಾಲ ಹೇಳುತ್ತೇನೆ. ಆಮೇಲೆ ಇಬ್ಬರ ಬೆಲೆಯನ್ನೂ ಅಕ್ಕಪಕ್ಕ ಇಟ್ಟು, ಶೆಟ್ಟರು ದುಬಾರಿ ಎನ್ನುತ್ತೇನೆ.

ವ್ಯಾಪಾರದಲ್ಲಿ ನಗದಿನ ಮಹಿಮೆ ಎಂಥದ್ದು ಎಂಬುದಕ್ಕೆ ದೊಡ್ಡವರ ಕಥೆಗಳೇ ಸಾಕ್ಷಿ. ರಾಧಾಕಿಶನ್ ದಮಾನಿ ಅವರು ಡಿ-ಮಾರ್ಟ್‌ನ ಮೊದಲ ಅಂಗಡಿ ತೆರೆದದ್ದು 2002ರಲ್ಲಿ, ಮುಂಬೈನ ಪೊವಾಯಿಯಲ್ಲಿ. ಕಟ್ಟಡಗಳು ಬಹುಪಾಲು ಸ್ವಂತದ್ದು, ಹಾಗಾಗಿ ಬಾಡಿಗೆಯ ಹೊರೆ ಕಡಿಮೆ. ಅದಕ್ಕಿಂತ ಮುಖ್ಯವಾದದ್ದು, ಮಾಲು ಕೊಟ್ಟವರಿಗೆ ಅವರು ಬೇಗ ಹಣ ಕೊಡುತ್ತಾರೆ. ಬೇಗ ಹಣ ಬಂದರೆ ಕಂಪನಿಯೂ ಬೆಲೆ ಇಳಿಸುತ್ತದೆ, ಅದರಲ್ಲಿ ಒಂದು ಪಾಲು ಗಿರಾಕಿಗೂ ಸಿಗುತ್ತದೆ. ಇದರಲ್ಲಿ ಮೋಸವೇನಿಲ್ಲ, ಜಾಣ ವ್ಯಾಪಾರ. ಇದಕ್ಕೆ ಎದುರಾದ ಕಥೆ ಚೆನ್ನೈನಲ್ಲಿ 1997ರಲ್ಲಿ ಶುರುವಾದ ಸುಭಿಕ್ಷಾದ್ದು. ದೇಶದ ತುಂಬ ನೂರಾರು ಅಂಗಡಿ ತೆರೆದು, ಕೈಯಲ್ಲಿ ನಗದಿಲ್ಲದೆ, ಮಾಲು ಕೊಟ್ಟವರಿಗೆ ಹಣ ಕೊಡಲಾಗದೆ 2009ರಲ್ಲಿ ಬಾಗಿಲು ಹಾಕಿತು. 2001ರಲ್ಲಿ ಆರಂಭವಾದ ಬಿಗ್ ಬಜಾರ್ ಕೂಡ ಸಾಲದ ಭಾರಕ್ಕೆ ಕುಸಿದು, 2022ರಲ್ಲಿ ಅದರ ಎಷ್ಟೋ ಮಳಿಗೆಗಳು ರಿಲಯನ್ಸ್ ಕೈಗೆ ಹೋದವು. ಅಷ್ಟು ದೊಡ್ಡವರನ್ನೇ ನಗದಿನ ಕೊರತೆ ಮುಳುಗಿಸಿತು. ಹನ್ನೆರಡಡಿ ಅಗಲದ ಅಂಗಡಿಯಲ್ಲಿ ಕೂತ ಶೆಟ್ಟರು ಬಡಾವಣೆಯ ಸಂಬಳದಾರರ ಸಾಲವನ್ನೆಲ್ಲ ಹೊತ್ತುಕೊಂಡು ಇಷ್ಟು ವರ್ಷ ಹೇಗೆ ನಿಂತರು ಎನ್ನುವುದೇ ಆಶ್ಚರ್ಯ.

ಮಾರನೇ ದಿನ ಬಾಕಿ ಪೂರ್ತಿ ತೀರಿಸಿದೆ. ಇನ್ನು ಮುಂದೆ ಪುಸ್ತಕ ಬೇಡ, ಸಾಮಾನು ಬಂದ ದಿನವೇ ಹಣ ಹಾಕುತ್ತೇನೆ ಎಂದೆ. ಕೋಪ ಮಾಡಿಕೊಂಡೆನೇನೋ ಎಂದು ಶೆಟ್ಟರು ಗಾಬರಿಯಾದರು. ವಿಷಯ ಬಿಡಿಸಿ ಹೇಳಿದ ಮೇಲೆ ಸ್ವಲ್ಪ ಹೊತ್ತು ಸುಮ್ಮನಿದ್ದು, ಎಂದೂ ಆಡದ ಮಾತು ಆಡಿದರು. "ದುಡ್ಡು ಕೈಲಿದ್ರೆ ಸಂತೆಪೇಟೇಲಿ ನಾನೂ ಬಾಯ್ಬಿಟ್ಟು ರೇಟ್ ಕೇಳ್ಬೋದು ಟೀಚರ್. ಸಾಲ ಹೇಳೋನು ಅವ್ರು ಹೇಳಿದ ರೇಟಿಗೇ ತರ್ಬೇಕು."

ಬಂಡಿಪಾಳ್ಯದ ಎಪಿಎಂಸಿ ಯಾರ್ಡಿನಲ್ಲೂ ಕಥೆ ಅದೇ ಎಂದರು. ನಮ್ಮ ಬೀದಿಯ ಇನ್ನೂ ನಾಲ್ಕು ಮನೆಯವರ ಹತ್ತಿರ ನಾನೇ ಮಾತಾಡಿದೆ, ಮೂವರು ಒಪ್ಪಿದರು. ಎರಡು ತಿಂಗಳಾದ ಮೇಲೆ ನಮ್ಮ ಮನೆಗೆ ಬಂದ ಸೋನಾ ಮಸೂರಿ ಮೂಟೆಗೆ ಶೆಟ್ಟರು ಐವತ್ತು ರೂಪಾಯಿ ಕಡಿಮೆ ಹಾಕಿದ್ದರು. ಕೇಳಿದ್ದಕ್ಕೆ, "ನಗದಿಗೆ ತಂದೆ, ಅವ್ರು ಬಿಟ್ರು, ನಾನೂ ಬಿಟ್ಟೆ" ಅಂದರು. ಐವತ್ತು ರೂಪಾಯಿ ದೊಡ್ಡದಲ್ಲ. ಆದರೆ ದೊಡ್ಡ ಅಂಗಡಿ ಯಾವ ದಾರಿಯಲ್ಲಿ ಬೆಲೆ ಇಳಿಸುತ್ತದೋ ಅದೇ ದಾರಿಯಲ್ಲಿ ಸಣ್ಣ ಅಂಗಡಿಯೂ ಇಳಿಸಬಲ್ಲದು ಎಂದು ಕಣ್ಣಾರೆ ಕಂಡೆ. ನಡುವೆ ಅಡ್ಡ ನಿಂತಿದ್ದವರಲ್ಲಿ ನಾನೂ ಒಬ್ಬಳು.

ಈಗ ನಮ್ಮ ಮನೆಯ ಪದ್ಧತಿ ಇದು. ಬಟ್ಟೆ ಸೋಪಿನ ಪುಡಿ, ಪಾತ್ರೆ ಸೋಪು, ನೆಲ ಒರೆಸುವ ದ್ರವ, ಐದು ಲೀಟರಿನ ಎಣ್ಣೆ ಕ್ಯಾನು, ಕೆಡದೆ ಉಳಿಯುವ ಇಂಥವಕ್ಕೆ ಎರಡು ತಿಂಗಳಿಗೊಮ್ಮೆ ದೊಡ್ಡ ಅಂಗಡಿಗೆ ಹೋಗುತ್ತೇನೆ. ಚೀಟಿ ಹಿಡಿದು, ಒಬ್ಬಳೇ, ಊಟ ಮುಗಿಸಿ. ತಳ್ಳುಗಾಡಿ ಮುಟ್ಟದೆ ಬುಟ್ಟಿ ಹಿಡಿಯುತ್ತೇನೆ. ಕೈ ನೋಯುವಷ್ಟು ಭಾರವಾದರೆ ಸಾಕು ಎಂದು ಅರ್ಥ. ಬೇಳೆ, ಅಕ್ಕಿ, ರವೆ, ಬೆಲ್ಲ, ಹುಣಸೆಹಣ್ಣು, ಮೆಣಸಿನಕಾಯಿ, ಕೈಗೆ ಹಾಕಿಕೊಂಡು ನೋಡಬೇಕಾದ್ದೆಲ್ಲ ಶೆಟ್ಟರಲ್ಲಿ. ತರಕಾರಿ ಎಂ.ಜಿ. ರಸ್ತೆಯ ಮಾರುಕಟ್ಟೆಯದು. ತಿಂಗಳ ಖರ್ಚು ಹಿಂದಿನ ಅಂಕೆಗೆ ಇಳಿದಿದೆ. ಅತ್ತೆ ಹೋಗಿ ಮೂರು ವರ್ಷವಾಯಿತು. ಅವರಂತೆಯೇ ನಾನೂ ಪೊಟ್ಟಣ ಬಿಚ್ಚಿ ನೋಡಿಯೇ ಡಬ್ಬಿಗೆ ಸುರಿಯುತ್ತೇನೆ.

ಸಾಲವೇ ತಪ್ಪು ಎಂದು ನಾನು ಹೇಳುತ್ತಿಲ್ಲ. ಕಟ್ಟಡದ ಕೆಲಸಕ್ಕೆ ಬರುವವರು, ಮನೆಗೆಲಸದ ಹೆಂಗಸರು ವಾರದ ಬಟವಾಡೆವರೆಗೆ ಅಕ್ಕಿ, ಎಣ್ಣೆ ಬರೆಸಿ ಒಯ್ಯುವುದನ್ನು ದಿನವೂ ನೋಡುತ್ತೇನೆ. ಅವರಿಗೆ ಯಾವ ದೊಡ್ಡ ಅಂಗಡಿಯ ಕೌಂಟರಿನಲ್ಲೂ ಬರೆದುಕೊಳ್ಳುವವರಿಲ್ಲ. ಆ ಪುಸ್ತಕ ಇರಬೇಕಾದದ್ದು ಅವರಿಗಾಗಿ. ಅದರ ಹಾಳೆಗಳನ್ನು ತಿಂಗಳ ಸಂಬಳ ಎಣಿಸುವ ನಾವು ತುಂಬಿದರೆ ಅವರಿಗೆ ಕೊಡಲು ಅಂಗಡಿಯಲ್ಲಿ ಏನೂ ಉಳಿಯುವುದಿಲ್ಲ.

ಇದನ್ನು ಓದುತ್ತಿರುವ ನಿಮ್ಮ ಮನೆಯ ಹೆಸರಿನಲ್ಲೂ ಯಾವುದೋ ತಿರುವಿನ ಅಂಗಡಿಯಲ್ಲಿ ಒಂದು ಬಾಕಿ ಇರಬಹುದು. ಮುಂದಿನ ಭಾನುವಾರ ದೊಡ್ಡ ಅಂಗಡಿಗೆ ಹೊರಡುವ ಮುನ್ನ ಅದನ್ನು ತೀರಿಸಿ ಹೋಗಿ.