ಸೀಸನ್ ಮುಗಿದ ಮೇಲೆ ಕೆರಿಬಿಯನ್: ಸೆಕೆ, ಸೊಳ್ಳೆ ಮತ್ತು ಬಿಪಿ ಮಾತ್ರೆ

ಕೆರಿಬಿಯನ್ ದ್ವೀಪಗಳಲ್ಲಿ ಪ್ರವಾಸಿಗರ ಸುಗ್ಗಿ ಡಿಸೆಂಬರ್ ನಡುವಿನಿಂದ ಏಪ್ರಿಲ್ ನಡುವಿನವರೆಗೆ. ಅದು ಮುಗಿದರೆ ಬಿಸಿಲು, ತೇವ, ಜೊತೆಗೆ ಜೂನ್ 1ರಿಂದ ನವೆಂಬರ್ 30ರವರೆಗಿನ ಚಂಡಮಾರುತದ ಕಾಲ. ಹೋಟೆಲ್ ಬಾಡಿಗೆ ಇಳಿಯುವುದೂ ಆಗಲೇ. ಅಲ್ಲಿ ವೈದ್ಯಕೀಯ ಓದುತ್ತಿರುವ ಮಕ್ಕಳನ್ನು ನೋಡಲು ಹೋಗುವ ತಂದೆ-ತಾಯಂದಿರು ಈ ತಿಂಗಳುಗಳನ್ನೇ ಆರಿಸುವುದುಂಟು. ಈ ಸಲದ ಪ್ರಶ್ನೆಗಳು ಅಂಥವರವು.

ಪ್ರಶ್ನೆ: ಮಗಳು ಬಾರ್ಬಡೋಸ್‌ನಲ್ಲಿ ಓದುತ್ತಿದ್ದಾಳೆ. ಆಗಸ್ಟ್‌ನಲ್ಲಿ ಹೋಗುವ ಯೋಚನೆ ಇದೆ. ಯಜಮಾನರಿಗೆ 64 ವರ್ಷ, ಬಿಪಿ, ಶುಗರ್ ಎರಡೂ ಇವೆ. ನಾವು ಮಂಗಳೂರಿನವರು, ಸೆಕೆ ಹೊಸದಲ್ಲ. ಹೋಗಬಹುದೇ ಡಾಕ್ಟರೇ?

ಉತ್ತರ: ಹೋಗಬಹುದು. ಆದರೆ ಮಂಗಳೂರಿನ ಅಭ್ಯಾಸವನ್ನು ನಂಬಿಕೊಂಡು ಹೋಗುವುದು ಬೇಡ.

ಬಾರ್ಬಡೋಸ್‌ನ ರಾಜಧಾನಿ ಬ್ರಿಜ್‌ಟೌನ್ ಇರುವುದು 13 ಡಿಗ್ರಿ ಉತ್ತರ ಅಕ್ಷಾಂಶದ ಆಸುಪಾಸಿನಲ್ಲಿ. ಮಂಗಳೂರೂ ಬೆಂಗಳೂರೂ ಅದೇ ಗೆರೆಯ ಬಳಿ ಇವೆ. ನೆತ್ತಿಯ ಮೇಲಿನ ಸೂರ್ಯ ಒಂದೇ, ಬೇರೆಯಾಗುವುದು ಸೆಕೆಯ ತಿಂಗಳು. ಶಾಖಕ್ಕೆ ಹೊಂದಿಕೊಳ್ಳಲು ಮೈಗೆ ಒಂದರಿಂದ ಎರಡು ವಾರ ಬೇಕು. ಆ ಅವಧಿಯಲ್ಲಿ ಬೆವರು ಬೇಗ ಶುರುವಾಗುವುದನ್ನು, ಹೆಚ್ಚು ಬರುವುದನ್ನು ಮೈ ಕಲಿಯುತ್ತದೆ, ಬೆವರಿನಲ್ಲಿ ಹೋಗುವ ಉಪ್ಪನ್ನು ಉಳಿಸಿಕೊಳ್ಳುತ್ತದೆ. ಸೆಕೆ ತಪ್ಪಿದರೆ ಕೆಲವೇ ವಾರಗಳಲ್ಲಿ ಈ ಕಲಿಕೆ ಅಳಿಸಿಹೋಗುತ್ತದೆ. ಏಪ್ರಿಲ್, ಮೇ ತಿಂಗಳಲ್ಲಿ ಪಳಗಿದ ಕರಾವಳಿಯ ಮೈ ಎರಡು ತಿಂಗಳ ಜಡಿಮಳೆ ಕಳೆದು ಆಗಸ್ಟ್ ಬರುವಷ್ಟರಲ್ಲಿ ಹೊಸಬನ ಮೈಯಾಗಿರುತ್ತದೆ. ಆದ್ದರಿಂದ ಮೊದಲ ವಾರ ಊರು ಸುತ್ತುವುದನ್ನು ಬೆಳಿಗ್ಗೆ ಒಂಬತ್ತರೊಳಗೆ, ಸಂಜೆ ಐದರ ಮೇಲೆ ಇಟ್ಟುಕೊಳ್ಳುವುದು ಲೇಸು.

ಬಾರ್ಬಡೋಸ್‌ನಲ್ಲಿ ಆಗಸ್ಟ್‌ನ ಹಗಲು ಸುಮಾರು 31 ಡಿಗ್ರಿ ಸೆಲ್ಸಿಯಸ್. ಕಲಬುರಗಿಯ 42ರ ಮುಂದೆ ಇದೇನು ಮಹಾ ಎನ್ನಿಸಬಹುದು. ಥರ್ಮಾಮೀಟರ್ ಇಲ್ಲಿ ಪೂರ್ತಿ ಸತ್ಯ ಹೇಳುವುದಿಲ್ಲ. ಒಂದು ಲೀಟರ್ ಬೆವರು ಚರ್ಮದ ಮೇಲೆ ಆರಿದರೆ ಸುಮಾರು 580 ಕಿಲೋಕ್ಯಾಲರಿ ಶಾಖ ಮೈಯಿಂದ ಹೊರಹೋಗುತ್ತದೆ. ಗಾಳಿಯಲ್ಲಿ ತೇವ ತುಂಬಿದ್ದರೆ ಬೆವರು ಆರದೆ ತೊಟ್ಟಿಕ್ಕುತ್ತದೆ. ತೊಟ್ಟಿಕ್ಕಿದ ಬೆವರು ನೀರನ್ನೂ ಉಪ್ಪನ್ನೂ ಒಯ್ಯುತ್ತದೆ, ಶಾಖವನ್ನು ಮಾತ್ರ ಮೈಯಲ್ಲೇ ಬಿಡುತ್ತದೆ. ರಾತ್ರಿಯೂ ಅಷ್ಟಾಗಿ ತಂಪಾಗುವುದಿಲ್ಲ, ಹಗಲಿಡೀ ದಣಿದ ಹೃದಯಕ್ಕೆ ಬಿಡುವು ಸಿಗುವುದಿಲ್ಲ. ಬಾಡಿಗೆ ಉಳಿಸಲೆಂದು ಎಸಿ ಇಲ್ಲದ ಕೋಣೆ ಹಿಡಿಯುವುದು 64ರ ಹಿರಿಯರಿಗೆ ಸಲ್ಲದು.

ಇನ್ನು ಮಾತ್ರೆಗಳು. ಯಜಮಾನರ ಕಷ್ಟ ಹೆಚ್ಚಾಗಿ ಇಲ್ಲಿಂದಲೇ ಶುರುವಾಗಬಹುದು. ಬಿಪಿಗೆ ಕೊಡುವ ಹೈಡ್ರೋಕ್ಲೋರೋಥಯಜೈಡ್, ಕ್ಲೋರ್ಥಾಲಿಡೋನ್ ಮಾತ್ರೆಗಳು ಮೂತ್ರದಲ್ಲಿ ನೀರು, ಉಪ್ಪು ಕಳೆಯುತ್ತವೆ. ಶುಗರ್‌ಗೆ ಈಗ ಬಹಳ ಬಳಕೆಯಲ್ಲಿರುವ ಡಾಪಾಗ್ಲಿಫ್ಲೋಜಿನ್ ಕೂಡ ಮೂತ್ರ ಹೆಚ್ಚಿಸುತ್ತದೆ. ಮೆಟೊಪ್ರೊಲಾಲ್ ಜಾತಿಯ ಬಿಪಿ ಮಾತ್ರೆಗಳು ಚರ್ಮಕ್ಕೆ ಹರಿಯುವ ರಕ್ತವನ್ನು, ಹೃದಯದ ಬಡಿತವನ್ನು ತಗ್ಗಿಸಿ ಶಾಖ ಹೊರಹೋಗುವ ದಾರಿಯನ್ನು ಕಿರಿದಾಗಿಸುತ್ತವೆ. ಸೆಕೆಯಲ್ಲಿ ರಕ್ತನಾಳಗಳು ಹಿಗ್ಗಿ ಬಿಪಿ ತಾನಾಗಿಯೇ ಇಳಿದಿರುವಾಗ ಅದೇ ಡೋಸ್ ಜಾಸ್ತಿಯಾಗಿ, ಎದ್ದು ನಿಂತೊಡನೆ ಕಣ್ಣು ಕತ್ತಲಿಡಬಹುದು. ಹಾಗೆಂದು ಮಾತ್ರೆಯನ್ನು ತಾವಾಗಿಯೇ ನಿಲ್ಲಿಸಬಾರದು. ಹೊರಡುವ ಮೂರು, ನಾಲ್ಕು ವಾರ ಮೊದಲೇ ತಮ್ಮ ವೈದ್ಯರನ್ನು ಕಂಡು, ಬಿಪಿ ಇಳಿದರೆ ಏನು ಮಾಡಬೇಕು, ವಾಂತಿ-ಭೇದಿಯಾದ ದಿನ ಯಾವ ಮಾತ್ರೆ ಬಿಡಬೇಕು ಎಂಬುದನ್ನು ಬರೆಸಿಕೊಳ್ಳಬೇಕು. ಭಾರತಕ್ಕಿಂತ ಬಾರ್ಬಡೋಸ್ ಒಂಬತ್ತೂವರೆ ಗಂಟೆ ಹಿಂದಿದೆ. ಮಾತ್ರೆಯ ಹೊತ್ತನ್ನು ಹೇಗೆ ಬದಲಿಸಬೇಕೆಂದು ಅದೇ ಚೀಟಿಯಲ್ಲಿ ಇರಲಿ.

ಇನ್ಸುಲಿನ್ ತೆಗೆದುಕೊಳ್ಳುವವರಾದರೆ, ಬಳಸುತ್ತಿರುವ ಪೆನ್ 30 ಡಿಗ್ರಿಯೊಳಗೆ ಇರಬೇಕು, ನಿಲ್ಲಿಸಿದ ಕಾರಿನಲ್ಲಿ ಬಿಡಲೇಬಾರದು. ಬಿಸಿ ಚರ್ಮ ಇನ್ಸುಲಿನ್ನನ್ನು ಬೇಗ ಹೀರುವುದರಿಂದ ಶುಗರ್ ತಟ್ಟನೆ ಇಳಿಯುವುದುಂಟು. ಕಾಲು ಜೋಮು ಹಿಡಿದಿರುವ ಮಧುಮೇಹಿಗಳಿಗೆ ಮಧ್ಯಾಹ್ನದ ಮರಳಿನ ಬಿಸಿ ತಿಳಿಯುವುದೇ ಇಲ್ಲ, ಗುಳ್ಳೆ ಎದ್ದ ಮೇಲೆಯೇ ತಿಳಿಯುವುದು. ಕಡಲತೀರದಲ್ಲೂ ಚಪ್ಪಲಿ ಬೇಕು. ಎಳನೀರು ಒಳ್ಳೆಯದೇ. ಆದರೆ ಕಿಡ್ನಿ ದುರ್ಬಲವಾಗಿದ್ದು ಟೆಲ್ಮಿಸಾರ್ಟನ್‌ನಂಥ ಮಾತ್ರೆ ನುಂಗುವವರಲ್ಲಿ ಎಳನೀರಿನ ಪೊಟ್ಯಾಶಿಯಂ ರಕ್ತದಲ್ಲಿ ಏರಿ ಅಪಾಯವಾದೀತು.

ತಲೆನೋವು, ಸುಸ್ತು, ವಾಕರಿಕೆ, ಸ್ನಾಯು ಸೆಳೆತ ಕಂಡರೆ ನೆರಳು, ತಣ್ಣೀರು, ಓಆರ್‌ಎಸ್ ಸಾಕಾಗಬಹುದು. ಮಾತು ತೊದಲಿದರೆ, ಗೊಂದಲಗೊಂಡರೆ ಅದು ಹೀಟ್ ಸ್ಟ್ರೋಕ್. ಮೈ ಬಿಸಿ 40 ಡಿಗ್ರಿ ಮುಟ್ಟಿದೆ ಎಂದೇ ತಿಳಿಯಬೇಕು. ಬೆವರುತ್ತಿದ್ದಾರೆ ಎಂಬ ಕಾರಣಕ್ಕೆ ಸಮಾಧಾನಪಡಬಾರದು. ಬಾಯಿಗೆ ನೀರು ಹಾಕದೆ, ಮೈಗೆ ನೀರು ಸುರಿದು ಗಾಳಿ ಹಾಕುತ್ತಲೇ ಆಂಬುಲೆನ್ಸ್ ಕರೆಯಬೇಕು. ಬಾರ್ಬಡೋಸ್‌ನಲ್ಲಿ ಅದರ ಸಂಖ್ಯೆ 511.

ಪ್ರಶ್ನೆ: ನನಗೆ ಬೆಂಗಳೂರಿನಲ್ಲಿ ಒಮ್ಮೆ ಡೆಂಗಿ ಬಂದು ಹೋಗಿದೆ. ಮತ್ತೆ ಬರುವುದಿಲ್ಲ ಅಲ್ಲವೇ?

ಉತ್ತರ: ಬರಬಹುದು, ಮೊದಲಿಗಿಂತ ಜೋರಾಗಿಯೂ ಬರಬಹುದು. ಡೆಂಗಿ ವೈರಸ್‌ನಲ್ಲಿ ನಾಲ್ಕು ವಿಧಗಳಿವೆ. ಒಂದು ವಿಧ ಬಂದುಹೋದರೆ ಅದೊಂದರ ವಿರುದ್ಧ ಮಾತ್ರ ದೀರ್ಘಕಾಲದ ರಕ್ಷಣೆ. ಬೇರೆ ವಿಧ ತಗಲಿದಾಗ ಹಳೆಯ ಪ್ರತಿಕಾಯಗಳೇ ವೈರಸ್ ಜೀವಕೋಶದೊಳಗೆ ನುಗ್ಗಲು ನೆರವಾಗುತ್ತವೆ. 2024ರಲ್ಲಿ ಅಮೆರಿಕ ಖಂಡಗಳಲ್ಲಿ 1.2 ಕೋಟಿಗೂ ಹೆಚ್ಚು ಡೆಂಗಿ ಪ್ರಕರಣಗಳು ವರದಿಯಾದವು. ಕರ್ನಾಟಕ ಸರ್ಕಾರ ಡೆಂಗಿಯನ್ನು ಸಾಂಕ್ರಾಮಿಕ ರೋಗವೆಂದು ಘೋಷಿಸಿದ್ದೂ ಅದೇ ವರ್ಷ.

ಡೆಂಗಿ ಹರಡುವ ಈಡಿಸ್ ಸೊಳ್ಳೆ ಹಗಲುಗಳ್ಳ. ಬೆಳಗಿನ ಹೊತ್ತು ಮತ್ತು ಸೂರ್ಯ ಮುಳುಗುವ ಮುನ್ನ ಅದರ ಕಾಟ ಹೆಚ್ಚು, ಅಂದರೆ ಸೆಕೆ ತಪ್ಪಿಸಲು ಹೊರಗೆ ಓಡಾಡುವ ಹೊತ್ತಿನಲ್ಲೇ. ತೆಳು ಹತ್ತಿಯ ಪೂರ್ತಿ ತೋಳಿನ ಬಟ್ಟೆ ಎರಡಕ್ಕೂ ಮದ್ದು. ಮೊದಲು ಸನ್‌ಸ್ಕ್ರೀನ್, ಅದು ಒಣಗಿದ ಮೇಲೆ ಡೀಟ್ ಇರುವ ಸೊಳ್ಳೆ ಮುಲಾಮು ಹಚ್ಚಬೇಕು. ಜ್ವರ ಬಂದರೆ ಪ್ಯಾರಾಸಿಟಮಾಲ್ ಮಾತ್ರ. ಮೈಕೈ ನೋವಿಗೆಂದು ಐಬುಪ್ರೊಫೆನ್, ಆಸ್ಪಿರಿನ್ ನುಂಗಿದರೆ ರಕ್ತಸ್ರಾವದ ಭಯ. ಹೃದಯಕ್ಕಾಗಿ ಆಸ್ಪಿರಿನ್ ತೆಗೆದುಕೊಳ್ಳುತ್ತಿರುವವರು ವೈದ್ಯರನ್ನು ಕೇಳಿಯೇ ಮುಂದುವರಿಯಬೇಕು. ಜ್ವರ ಇಳಿದ ಮೇಲಿನ ಒಂದೆರಡು ದಿನವೇ ಹೆಚ್ಚು ಅಪಾಯದ್ದು. ಹೊಟ್ಟೆ ನೋವು, ನಿಲ್ಲದ ವಾಂತಿ, ಒಸಡಿನಲ್ಲಿ ರಕ್ತ ಕಂಡರೆ ಆಸ್ಪತ್ರೆಗೆ ಹೋಗಬೇಕು. ಊರಿಗೆ ಮರಳಿದ ಎರಡು ವಾರದೊಳಗೆ ಜ್ವರ ಬಂದರೂ ಎಲ್ಲಿಗೆ ಹೋಗಿದ್ದೆವು ಎಂಬುದನ್ನು ವೈದ್ಯರಿಗೆ ಮೊದಲೇ ಹೇಳಬೇಕು.

ಪ್ರಶ್ನೆ: ಮಗನಿಗೆ ಅಸ್ತಮಾ. ಸಮುದ್ರದ ಗಾಳಿ ಒಳ್ಳೆಯದೇ ಅಲ್ಲವೇ?

ಉತ್ತರ: ಈ ತಿಂಗಳುಗಳಲ್ಲಿ ಯಾವಾಗಲೂ ಅಲ್ಲ. ಸಹಾರಾ ಮರುಭೂಮಿಯ ನುಣ್ಣನೆಯ ದೂಳು ಅಟ್ಲಾಂಟಿಕ್ ದಾಟಿ ಬೇಸಿಗೆಯಲ್ಲಿ ಕೆರಿಬಿಯನ್ ಆಕಾಶವನ್ನು ಮಬ್ಬಾಗಿಸುತ್ತದೆ. 2011ರಿಂದೀಚೆಗೆ ಸರ್ಗಾಸಮ್ ಎಂಬ ಕಂದು ಕಡಲಪಾಚಿ ರಾಶಿರಾಶಿಯಾಗಿ ದಡಕ್ಕೆ ಬಂದು ಬೀಳುತ್ತಿದೆ. ಅದು ಕೊಳೆತಾಗ ಏಳುವ ಹೈಡ್ರೋಜನ್ ಸಲ್ಫೈಡ್ ಕೊಳೆತ ಮೊಟ್ಟೆಯಂತೆ ನಾರುತ್ತದೆ, ಉಬ್ಬಸ ಕೆರಳಿಸುತ್ತದೆ. ಅಂಥ ವಾಸನೆ ಬಂದರೆ ಆ ತೀರ ಬಿಟ್ಟು ಬೇರೆ ಕಡೆ ಹೋಗುವುದೇ ದಾರಿ. ಇನ್ಹೇಲರ್ ಸದಾ ಜೇಬಿನಲ್ಲಿರಲಿ. ಮಕ್ಕಳಿಗೆ ಇನ್ನೊಂದು ಎಚ್ಚರಿಕೆ: ತೀರದಲ್ಲಿ ಪುಟ್ಟ ಹಸಿರು ಸೇಬಿನಂಥ ಕಾಯಿ ಬಿಡುವ ಮ್ಯಾಂಚಿನೀಲ್ ಮರದಡಿ ಮಳೆಗೆ ನಿಲ್ಲಬಾರದು. ಅದರ ಹಾಲು ನೀರಿನೊಡನೆ ತೊಟ್ಟಿಕ್ಕಿದರೂ ಚರ್ಮ ಬೊಬ್ಬೆಯೇಳುತ್ತದೆ.

ಪ್ರಶ್ನೆ: ಚಂಡಮಾರುತ ಬಂದರೆ ಔಷಧಿಗೆ ಏನು ಮಾಡುವುದು?

ಉತ್ತರ: ವಾಪಸಾತಿಯ ದಿನಕ್ಕಿಂತ ಎರಡು ವಾರ ಹೆಚ್ಚಿನ ಮಾತ್ರೆ ಕೈಚೀಲದಲ್ಲೇ ಇರಬೇಕು. 2024ರ ಜೂನ್ 29ರಂದು ಬ್ರಿಜ್‌ಟೌನ್‌ನಲ್ಲಿ ಟಿ20 ವಿಶ್ವಕಪ್ ಗೆದ್ದ ಭಾರತ ತಂಡ, ಕೋಚ್ ರಾಹುಲ್ ದ್ರಾವಿಡ್ ಸಮೇತ, ಬೆರಿಲ್ ಚಂಡಮಾರುತದಿಂದಾಗಿ ವಿಮಾನವಿಲ್ಲದೆ ಅಲ್ಲೇ ಉಳಿಯಬೇಕಾಯಿತು. ಆ ತಂಡಕ್ಕೆ ಬಂದಂತೆ ಸಾಮಾನ್ಯ ಪ್ರಯಾಣಿಕರಿಗೆ ವಿಶೇಷ ವಿಮಾನ ಬರುವುದಿಲ್ಲ. ನಮ್ಮ ಬ್ರಾಂಡ್ ಹೆಸರುಗಳು ಅಲ್ಲಿನ ಔಷಧಿ ಅಂಗಡಿಯವರಿಗೆ ತಿಳಿಯದಿರಬಹುದು, ಚೀಟಿಯಲ್ಲಿ ಮೂಲ ಔಷಧಿಯ ಹೆಸರೇ ಇರಲಿ. ವಿಮೆ ಕೊಳ್ಳುವಾಗ ಹಳೆಯ ಕಾಯಿಲೆಗೂ, ಬೇರೆ ದೇಶದ ಆಸ್ಪತ್ರೆಗೆ ವಿಮಾನದಲ್ಲಿ ಸಾಗಿಸುವ ಖರ್ಚಿಗೂ ರಕ್ಷಣೆ ಇದೆಯೇ ಎಂದು ನೋಡಬೇಕು.

ಕೊನೆಗೊಂದು ಮಾತು: ಪ್ರವಾಸದ ನಡುವೆ ಟ್ರಿನಿಡಾಡ್‌ಗೂ ಹೋಗಿಬರುವವರಿಗೆ ಯೆಲ್ಲೋ ಫೀವರ್ ಲಸಿಕೆಯ ಪ್ರಮಾಣಪತ್ರ ಬೇಕಾಗುತ್ತದೆ. ಲಸಿಕೆ ಹಾಕಿಸಿಕೊಂಡ ಹತ್ತು ದಿನಗಳ ನಂತರವಷ್ಟೇ ಅದು ಮಾನ್ಯ. ಪತ್ರವಿಲ್ಲದೆ, ಆ ದ್ವೀಪ ಬಿಟ್ಟು ಆರು ದಿನ ತುಂಬುವ ಮೊದಲೇ ಭಾರತಕ್ಕೆ ಬಂದಿಳಿದರೆ ಕ್ವಾರಂಟೈನ್‌ನಲ್ಲಿ ಇಡಬಹುದು. 60 ದಾಟಿದವರಲ್ಲಿ ಈ ಲಸಿಕೆಯ ತೀವ್ರ ಅಡ್ಡಪರಿಣಾಮಗಳ ಸಾಧ್ಯತೆ ತುಸು ಹೆಚ್ಚು. ಅಂಥವರು ಟಿಕೆಟ್ ತೆಗೆಯುವ ಮೊದಲೇ ವೈದ್ಯರೊಡನೆ ಮಾತಾಡಬೇಕು.